ಮೀಟರ್ ಸರಿ ಐತಿ ಅಪ್ಪಾ

ಕನಕಗಿರಿ ದಾಟಿದ ಮೇಲೆ, ತಾವರಗೇರಾ ಇನ್ನೂ ಏಳೆಂಟು ಕಿಲೋಮೀಟರ್ ಇದೆ ಅನ್ನುವಾಗ, ಹಿಂದೆ ಕೂತಿದ್ದ ಅಪ್ಪ ಬೆನ್ನು ತಟ್ಟಿದರು. “ಏನೋ ಸುಟ್ಟ ವಾಸನಿ ಬರಾಕತ್ತೈತಿ ತಮ್ಮಾ. ಗಾಡಿ ನಿಂದ್ರಸು” ಅಂದರು.

ಹ್ಯಾಂಡಲ್ ಮೇಲೆ ಕೂರಿಸಿದ್ದ ಪುಟ್ಟ ಮೀಟರ್ ನೋಡಿದೆ. 186 ಡಿಗ್ರಿ. 200 ದಾಟಬಾರದು ಎಂದು ನಾನೇ ಗೆರೆ ಹಾಕಿಕೊಂಡಿದ್ದೆ. “ಮೀಟರ್ ಸರಿ ಐತಿ ಅಪ್ಪಾ” ಎಂದು ಗಾಳಿಯ ಸದ್ದು ಮೀರಿ ಕೇಳಲೆಂದು ಕೂಗಿ ಹೇಳಿದೆ. ಅವರು ಮತ್ತೆ ಮಾತಾಡಲಿಲ್ಲ. ಒಂದು ಕಿಲೋಮೀಟರ್ ಹೋಗಿದ್ದೆವೋ ಇಲ್ಲವೋ, ಹಿಂದಿನ ಗಾಲಿ ಹಗ್ಗ ಹಾಕಿ ಬಿಗಿದ ಹಾಗೆ ಕಚ್ಚಿಕೊಂಡಿತು. ಟೈರು ಕಿರುಚಿತು, ಗಾಡಿ ಎಡಕ್ಕೆ ಬಾಲ ಬೀಸಿತು, ಇಬ್ಬರೂ ರಸ್ತೆ ಬದಿಯ ಮೊರಂ ಮೇಲೆ ಬಿದ್ದೆವು.

2025ರ ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಒಂದು ಗಂಟೆ. ನನಗೆ ಮೊಣಕೈ ತರಚಿತ್ತು, ಅಷ್ಟೆ. ಅಪ್ಪ ಎಡಗೈ ಊರಿ ಬಿದ್ದಿದ್ದರು. ಮಣಿಕಟ್ಟು ನೋಡುನೋಡುತ್ತಲೇ ಊದಿಕೊಂಡಿತು. ಅವರಿಗೆ 76 ವರ್ಷ. ಬೇವಿನ ಮರದ ನೆರಳಿಗೆ ಅವರನ್ನು ಕೂರಿಸಿ ಗಾಡಿ ಎತ್ತಿ ನಿಲ್ಲಿಸಿದೆ. ಕಿಕ್ಕರ್ ತುಳಿದರೆ ಬಂಡೆ ತುಳಿದ ಹಾಗಿತ್ತು. ಕಾದ ಲೋಹ ತಣಿಯುತ್ತ ಟಿಕ್ ಟಿಕ್ ಅನ್ನುತ್ತಿತ್ತು. ತಾವರಗೇರಾ ಕಡೆ ಹೊರಟಿದ್ದ ಟಂಟಂನವನೊಬ್ಬ ನಿಲ್ಲಿಸಿ, ಏನೂ ಕೇಳದೆ, ಅಪ್ಪನನ್ನು ಎತ್ತಿ ಒಳಗೆ ಕೂರಿಸಿಕೊಂಡ. ಮೀಟರ್‌ನ ಬೆಳಕು ಇನ್ನೂ ಉರಿಯುತ್ತಿತ್ತು. ಈಗ 171 ತೋರಿಸುತ್ತಿತ್ತು.

ನಾನು ಗಂಗಾವತಿಯ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುವವನು. ಉಷ್ಣಕ್ಕೂ ತಾಪಮಾನಕ್ಕೂ ಇರುವ ವ್ಯತ್ಯಾಸವನ್ನು ಹದಿನಾರು ವರ್ಷದಿಂದ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುವುದು ಕಷ್ಟ.

ಗಾಡಿ ಅಪ್ಪನದು. ಯೆಜ್ಡಿ ರೋಡ್‌ಕಿಂಗ್, 1984ರಲ್ಲಿ ಕೊಂಡದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಇರಾನಿ ಮನೆತನದವರು ಚೆಕ್ ದೇಶದ ಜಾವಾದವರ ಜೊತೆ ಸೇರಿ 1960ರ ದಶಕದ ಆರಂಭದಲ್ಲಿ ಕಟ್ಟಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 248.5 ಸಿಸಿ, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಟೂ ಸ್ಟ್ರೋಕ್. ಕಿಕ್ಕರನ್ನೇ ಮಡಚಿದರೆ ಅದೇ ಗೇರ್ ಲಿವರ್. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಯಲಬುರ್ಗಾ, ಕುಕನೂರು, ಹನುಮಸಾಗರ ಎಂದು ವರ್ಗವಾದಲ್ಲೆಲ್ಲ ಅದರ ಮೇಲೇ ಓಡಾಡಿದರು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿತ್ತು. ಕಚೇರಿ ಕೆಲಸ ಬಿದ್ದರೆ ಯಲಬುರ್ಗಾದಿಂದ ರಾಯಚೂರಿಗೇ ಆ ಗಾಡಿ ಮೇಲೆ ಹೋಗಿ ಬಂದಿದ್ದಾರೆ, ಅದೂ ಮೇ ತಿಂಗಳಲ್ಲಿ. ದಾರಿಯಲ್ಲಿ ಎಂಜಿನ್ ಜಾಮ್ ಆದದ್ದು ಒಮ್ಮೆಯೂ ಇಲ್ಲ.

ಅಪ್ಪನಿಗೆ ಒಂದು ಪದ್ಧತಿ ಇತ್ತು. ಅರ್ಧ ಮುಕ್ಕಾಲು ಗಂಟೆ ಓಡಿಸಿದ ಮೇಲೆ ಮರದ ನೆರಳು ಕಂಡಲ್ಲಿ ನಿಲ್ಲಿಸುತ್ತಿದ್ದರು. ನೀರಿನ ಬಾಟಲಿಯಿಂದ ಬೆರಳ ತುದಿಗೆ ಒಂದೇ ಹನಿ ತೆಗೆದುಕೊಂಡು ಹೆಡ್ ಮೇಲೆ, ಪ್ಲಗ್‌ನ ಬುಡದಲ್ಲಿ ಬೀಳಿಸುತ್ತಿದ್ದರು. ಹನಿ ಚುಂಯ್ ಎಂದು ಆರಿ ಹೋದರೆ ಸರಿ. ಹನಿ ಆರದೆ ಗುಂಡಗಾಗಿ ಪಾದರಸದ ಹಾಗೆ ಅತ್ತಿತ್ತ ಓಡಾಡಿದರೆ ಟವೆಲ್ ಹಾಸಿ ಕೂತುಬಿಡುತ್ತಿದ್ದರು. ನಮ್ಮವ್ವ ರೊಟ್ಟಿ ಬಡಿಯುವ ಮುಂಚೆ ಹಂಚಿನ ಮೇಲೆ ನೀರು ಚಿಮುಕಿಸಿ ನೋಡುತ್ತಿದ್ದುದೂ ಇದೇ ಲೆಕ್ಕ. ಲೋಹ 200 ಡಿಗ್ರಿಯ ಆಸುಪಾಸು ಕಾದರೆ ಹನಿಯ ಅಡಿಯಲ್ಲೇ ಆವಿಯ ತೆಳು ಪದರ ಎದ್ದು ಹನಿಯನ್ನು ಲೋಹಕ್ಕೆ ತಾಗಗೊಡುವುದಿಲ್ಲ. ಪುಸ್ತಕದಲ್ಲಿ ಇದಕ್ಕೆ ಲೈಡನ್‌ಫ್ರಾಸ್ಟ್ ಪರಿಣಾಮ ಎಂದು ಹೆಸರು. ಹದಿನೆಂಟನೇ ಶತಮಾನದ ಜರ್ಮನ್ ವೈದ್ಯನೊಬ್ಬನ ಹೆಸರದು. ನಾನು ಎಂ.ಎಸ್‌ಸಿ. ಓದುವಾಗ ಆ ಹೆಸರು ಕಲಿತು ಊರಿಗೆ ಬಂದು ಅಪ್ಪನಿಗೆ ಹೇಳಿದ್ದೆ. “ಹೌದೇನು, ಛಲೋ ಆತು” ಎಂದಿದ್ದರು.

ನಿವೃತ್ತಿಯಾದ ಮೇಲೆ ಗಾಡಿ ಕುಷ್ಟಗಿಯ ಮನೆಯ ಪಡಸಾಲೆಯಲ್ಲಿ ಗೋಣಿತಟ್ಟಿನಡಿ ನಿಂತಿತ್ತು. 2024ರ ದೀಪಾವಳಿ ಹೊತ್ತಿಗೆ ನಾನದನ್ನು ಗಂಗಾವತಿಗೆ ಒಯ್ದು ರಿಪೇರಿ ಮಾಡಿಸಲು ಶುರು ಮಾಡಿದೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ಇಟ್ಟುಕೊಂಡವರೆಲ್ಲ ಜಾವಾ ದಿನ ಎಂದು ಗಾಡಿ ಹೊರಗೆ ತೆಗೆಯುತ್ತಾರೆ. ಆ ದಿನಕ್ಕೆ ಅಪ್ಪನ ಗಾಡಿಯನ್ನು ಅದು ಹುಟ್ಟಿದ ಮೈಸೂರಿಗೆ ಓಡಿಸಿಕೊಂಡು ಹೋಗಬೇಕೆಂಬ ಆಸೆ ಹೊಕ್ಕಿತು. ಹೋಗಿ ಬಂದರೆ ಸಾವಿರ ಕಿಲೋಮೀಟರ್ ಹತ್ತಿರ. ಅಷ್ಟು ದೂರ ಗಾಳಿಯಿಂದಷ್ಟೇ ತಣಿಯುವ ಎಂಜಿನ್ ತಡೆದೀತೆ ಎಂಬ ಅಳುಕೂ ಇತ್ತು. 2022ರಲ್ಲಿ ಯೆಜ್ಡಿ ಹೆಸರಲ್ಲೇ ಬಂದ ಹೊಸ ಗಾಡಿಗಳಿಗೆ ರೇಡಿಯೇಟರ್ ಇದೆ. ನಮ್ಮದಕ್ಕೆ ಇರುವುದು ಸಿಲಿಂಡರ್ ಸುತ್ತಲಿನ ಫಿನ್‌ಗಳು, ಎದುರಿನಿಂದ ಬರುವ ಗಾಳಿ, ಇಷ್ಟೇ.

ಆ ಅಳುಕಿನಲ್ಲಿ ಓದಲು ಕೂತೆ. ಓದಿದ್ದು ಹೆಚ್ಚಾಗಿ ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ. ಜರ್ಮನಿಯ ಪೋರ್ಷೆ 911 ಕಾರು 1960ರ ದಶಕದಿಂದ 1998ರವರೆಗೂ ರೇಡಿಯೇಟರ್ ಇಲ್ಲದೆಯೇ ಓಡಿತು. ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನ್ ಸಿಲಿಂಡರ್‌ಗಳ ಮೇಲೆ ಗಾಳಿ ಊದುತ್ತದೆ. ಬಿಸಿಯ ದೊಡ್ಡ ಪಾಲನ್ನು ಎಂಜಿನ್ ಆಯಿಲ್ ಹೊತ್ತುಕೊಂಡು ಹೋಗಿ ಕೂಲರ್‌ನಲ್ಲಿ ಇಳಿಸಿ ಬರುತ್ತದೆ. ಆ ಕಾರು ಇಟ್ಟುಕೊಂಡವರ ಕಣ್ಣು ಸದಾ ಆಯಿಲ್‌ನ ತಾಪಮಾನ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ಎಲ್ಲಿರಬೇಕು, ಎಷ್ಟಾದರೆ ನಿಲ್ಲಿಸಬೇಕು ಎಂದು ವಾದ ಮಾಡುತ್ತಲೇ ಇರುತ್ತಾರೆ. ನನಗದು ಬಹಳ ಹಿಡಿಸಿತು. ನನ್ನ ಎಂಜಿನ್‌ಗೂ ಒಂದು ಅಂಕಿ ಸಿಕ್ಕರೆ ಅಪ್ಪನ ಹನಿ ಗಿನಿ ಯಾವುದೂ ಬೇಡವಲ್ಲ ಅನ್ನಿಸಿತು. ಪ್ಲಗ್‌ನ ವಾಷರ್ ಜಾಗದಲ್ಲಿ ಕೂರುವ ತಾಮ್ರದ ಉಂಗುರ, ಅದರಿಂದ ಹೊರಟ ತಂತಿ, ಹ್ಯಾಂಡಲ್ ಮೇಲೆ ಮೀಟರ್. ತರಿಸಿ ಹಾಕಿದೆ.

ತಪ್ಪು ಇಲ್ಲಿಂದಲೇ ಶುರುವಾಯಿತು. ಪೋರ್ಷೆಯಲ್ಲಿ ಲೀಟರುಗಟ್ಟಲೆ ಆಯಿಲ್ ಇಡೀ ಎಂಜಿನ್ ಸುತ್ತಿ ಬರುತ್ತದೆ. ಅದರ ಬಿಸಿ ನೋಡಿದರೆ ಎಲ್ಲ ಮೂಲೆಯ ಸುದ್ದಿಯೂ ತಕ್ಕಮಟ್ಟಿಗೆ ಸಿಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಜಿಡ್ಡು ಕೊಡುವ ಆಯಿಲ್ ಸುತ್ತಿ ಬರುವುದೇ ಇಲ್ಲ. ಪೆಟ್ರೋಲ್ ಜೊತೆ ಬೆರೆತು ಒಳಗೆ ಹೋಗಿ, ಕೆಲಸ ಮಾಡಿ, ಸುಟ್ಟು ಹೊಗೆಯಾಗಿ ಹೋಗುತ್ತದೆ. ಸುದ್ದಿ ಹೊತ್ತು ತರುವವರು ಅಲ್ಲಿ ಯಾರೂ ಇಲ್ಲ. ನನ್ನ ಉಂಗುರ ಹೇಳುತ್ತಿದ್ದುದು ಹೆಡ್‌ನ ಹೊರಮೈಯ ಬಿಸಿ, ಅದೂ ಎದುರುಗಾಳಿ ಬಡಿದು ತುಸು ತಣ್ಣಗಾದದ್ದು, ಅದೂ ತಡವಾಗಿ. ಒಳಗೆ ಪಿಸ್ಟನ್‌ನ ನೆತ್ತಿ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಒಳಗೆ ಹಠಾತ್ತನೆ ಬಿಸಿ ಏರಿದರೆ ಅದು ಅಷ್ಟು ದಪ್ಪ ಅಲ್ಯುಮಿನಿಯಂ ದಾಟಿ ಉಂಗುರ ಮುಟ್ಟುವ ಹೊತ್ತಿಗೆ ಪಿಸ್ಟನ್ ಕಚ್ಚಿಕೊಂಡಾಗಿರುತ್ತದೆ. ತರಗತಿಯಲ್ಲಿ ಇದನ್ನು ಪ್ರಶ್ನೆಯಾಗಿ ಕೊಟ್ಟರೆ ನಾನು ಎರಡು ನಿಮಿಷದಲ್ಲಿ ಬಿಡಿಸುತ್ತಿದ್ದೆ.

ಮೀಟರ್ ಇದೆಯೆಂಬ ಧೈರ್ಯಕ್ಕೆ ಉಳಿದ ತಪ್ಪುಗಳೂ ಸೇರಿಕೊಂಡವು. ಅಪ್ಪ ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಟೂಟಿ ಆಯಿಲ್ ಹಾಕುತ್ತಿದ್ದರು. ನಮ್ಮ ಓಣಿಯಲ್ಲಿ ಹೊಗೆ ಎಂದು ಒಂದಿಬ್ಬರು ಮುಖ ಸಿಂಡರಿಸಿದ್ದಕ್ಕೆ ನಾನದನ್ನು 25ಕ್ಕೆ ಇಳಿಸಿದೆ. ಮೈಲೇಜ್ ಬರಲಿ ಎಂದು ಕಾರ್ಬುರೇಟರ್‌ನ ಮೇನ್ ಜೆಟ್ ಎರಡು ನಂಬರ್ ಸಣ್ಣದು ಹಾಕಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ. ಹಳೆಯ ಕಾರ್ಬುರೇಟರ್‌ಗೆ ಗೊತ್ತಿರುವುದು ತನ್ನ ಜೆಟ್‌ನ ತೂತು ಮಾತ್ರ. ಜೆಟ್ ಒಂದು ನಂಬರ್ ದೊಡ್ಡದು ಮಾಡಬೇಕಾದ ಕಾಲದಲ್ಲಿ ನಾನು ಸಣ್ಣದು ಮಾಡಿದ್ದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಟೂ ಸ್ಟ್ರೋಕ್‌ನಲ್ಲಿ ಒಳಗೆ ಬರುವ ಹಸಿ ಪೆಟ್ರೋಲೇ ಪಿಸ್ಟನ್ನನ್ನು ಕೆಳಗಿನಿಂದ ತಣಿಸುವುದು, ಆಯಿಲ್ ತಂದು ಕೊಡುವುದೂ ಅದೇ. ಅದನ್ನು ಕಡಿಮೆ ಮಾಡಿದರೆ ಉರಿಯೂ ಏರಿತು, ನೀರೂ ಹೋಯಿತು, ಜಿಡ್ಡೂ ಹೋಯಿತು.

ಫೆಬ್ರವರಿಯಲ್ಲಿ ಪ್ಲಗ್ ಬಿಚ್ಚಿ ನೋಡಿದಾಗ ಅದರ ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಿತ್ತು. ಚೊಕ್ಕಟವಾಗಿ ಉರಿಯುತ್ತಿದೆ ಎಂದು ಸಂತೋಷಪಟ್ಟು ಅದನ್ನು ಕಿಸೆಯಲ್ಲಿ ಹಾಕಿಕೊಂಡು ಚಾಚಾನಿಗೆ ತೋರಿಸಲು ಹೋದೆ. ಚಾಚಾ ಗಂಗಾವತಿಯ ಹಳೆಯ ಮೆಕ್ಯಾನಿಕ್, ಅಪ್ಪನ ಕಾಲದಿಂದಲೂ ಈ ಗಾಡಿಯನ್ನು ಬಲ್ಲವರು. ಪ್ಲಗ್ಗನ್ನು ಬೆಳಕಿಗೆ ಹಿಡಿದು, “ಇದು ಚಹಾದ ಬಣ್ಣ ಇರಬೇಕು ನೋಡಪಾ. ಬೆಳ್ಳಗ ಆತಂದ್ರ ಒಳಗ ಬೆಂಕಿ ಭಾಳ ಆಗೇತಿ ಅಂತ” ಎಂದರು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಒಮ್ಮೆ ರೇಸ್ ಕೊಟ್ಟು ಬಿಟ್ಟರು. ಎಂಜಿನ್ ಸದ್ದು ಕೂಡಲೇ ಇಳಿಯಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಮೇಲೇ ನಿಂತು ಆಮೇಲೆ ಇಳಿಯಿತು. ಎರಡನೇ ಸಲವೂ ಹಾಗೇ. “ಬಲಗಡೆ ಆಯಿಲ್ ಸೀಲ್ ಹೋಗೇತಿ. ಗಾಳಿ ಜಗ್ಗಾಕತ್ತೈತಿ. ಎರಡು ದಿನ ಗಾಡಿ ಬಿಡು, ಹಾಕಿ ಕೊಡ್ತೀನಿ. ಜೆಟ್ ಹಳೇದ ಹಾಕು.”

ಸೀಲಿಗೆ ಆಗುತ್ತಿದ್ದುದು ಕೆಲವು ನೂರು ರೂಪಾಯಿ. ನಾನು ಬಿಡಲಿಲ್ಲ. ಪರೀಕ್ಷೆ ಕೆಲಸವಿದೆ ಎಂದೆ, ಆಮೇಲೆ ನೋಡೋಣ ಎಂದೆ. ನಿಜವೆಂದರೆ, ಮೀಟರ್ 180ರ ಒಳಗೇ ಇರುವಾಗ ಕಿವಿಯಿಂದ ಕೇಳಿ ಹೇಳಿದ ಮಾತಿಗೆ ಗಾಡಿ ಬಿಚ್ಚಿಸಲು ನನಗೆ ಮನಸ್ಸಿರಲಿಲ್ಲ. ರೇಸ್ ಬಿಟ್ಟ ಮೇಲೂ ಇಳಿಯದ ಆ ಸದ್ದು ನನಗೆ ಹಗುರಾಗಿ ಓಡುವ ಎಂಜಿನ್‌ನ ಲಕ್ಷಣವಾಗಿ ಕೇಳಿಸುತ್ತಿತ್ತು.

ಏಪ್ರಿಲ್‌ನಲ್ಲಿ ಅಪ್ಪ ಗಂಗಾವತಿಗೆ ಬಂದು ನಾಲ್ಕು ದಿನ ಇದ್ದರು. ವಾಪಸ್ ಬಸ್ಸಿಗೆ ಕಳಿಸುತ್ತೇನೆ ಎಂದರೆ, ಗಾಡಿ ಮೇಲೇ ಹೋಗೋಣ ಎಂದವರು ಅವರೇ. ಕಾಲುವೆ ನೀರಿನ ಭಾಗದಲ್ಲಿ ಇರುವವರೆಗೂ ಹಿತವಾಗಿತ್ತು. ಬೇಸಿಗೆ ಭತ್ತದ ಕಟಾವು ನಡೆದಿತ್ತು, ಯಂತ್ರದ ಹಿಂದೆ ಹೊಟ್ಟಿನ ಧೂಳು. ಒಂದು ಹೊಲದ ಬದುವಿನಲ್ಲಿ ಹಳೆಯ ಐಷರ್ ಟ್ರ್ಯಾಕ್ಟರ್ ನಿಲ್ಲಿಸಿ ಹುಡುಗನೊಬ್ಬ ಕಡ್ಡಿಯಿಂದ ಫಿನ್‌ಗಳ ಸಂದಿಯ ಹೊಟ್ಟು ಕೆದರುತ್ತಿದ್ದ. ಐಷರ್‌ನ ಎಂಜಿನ್ ಕೂಡ ಗಾಳಿಯಿಂದ ತಣಿಯುವುದು. ಸಂದಿಯಲ್ಲಿ ಹೊಟ್ಟು ತುಂಬಿದರೆ ಕಂಬಳಿ ಹೊದಿಸಿದ ಹಾಗೆ. ಅಪ್ಪ ಅದನ್ನು ತೋರಿಸಿ ನಕ್ಕು, “ನಮ್ಮ ಗಾಡಿದು ನೋಡಿಯೇನು?” ಎಂದರು. ಹ್ಞೂಂ ಅಂದೆ. ನಮ್ಮ ಫಿನ್‌ಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಫಳಫಳ ಮಾಡಿದ್ದೆ. ಕಣ್ಣಿಗೆ ಕಾಣುವ ಕೆಲಸವೆಲ್ಲ ಮಾಡಿದ್ದೆ.

ಕನಕಗಿರಿ ಬಿಟ್ಟ ಮೇಲೆ ನೀರಾವರಿ ಮುಗಿದು, ಬಂಡೆಗುಡ್ಡ, ಬೋಳು ಹೊಲ. ಒಲೆಯ ಬಾಯಿ ತೆರೆದಂಥ ಗಾಳಿ. ಏರಿನಲ್ಲಿ ಗಾಡಿ ಜಗ್ಗುವುದು ಕಡಿಮೆಯಾಯಿತು. ನಾನು ಇನ್ನಷ್ಟು ರೇಸ್ ತಿರುಗಿಸಿದೆ. ಹೆಡ್‌ನಿಂದ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂಥ ಸದ್ದು ಬಂತು. ಬಿಸಿಲು ಜಾಸ್ತಿ, ಅದಕ್ಕೇ ಹೀಗೆ ಎಂದುಕೊಂಡೆ. ಆಮೇಲೆ ವಾಸನೆ. ಆಮೇಲೆ ಅಪ್ಪನ ಕೈ ಬೆನ್ನ ಮೇಲೆ.

ಎಂಜಿನ್ ಕಚ್ಚಿಕೊಂಡ ಕ್ಷಣದಲ್ಲಿ ಕ್ಲಚ್ ಹಿಡಿದಿದ್ದರೆ ಹಿಂದಿನ ಗಾಲಿ ಬಿಡುಗಡೆಯಾಗುತ್ತಿತ್ತು, ಬೀಳುತ್ತಿರಲಿಲ್ಲ. ಟೂ ಸ್ಟ್ರೋಕ್ ಓಡಿಸುವವರು ಎರಡು ಬೆರಳನ್ನು ಕ್ಲಚ್ ಮೇಲೇ ಇಟ್ಟಿರುತ್ತಾರೆ. ಯೆಜ್ಡಿಯಲ್ಲಿ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು, ಲಿವರ್ ಒತ್ತಿದರೆ ಸಾಕು. ಆ ಅನುಕೂಲಕ್ಕೆ ಒಗ್ಗಿಕೊಂಡು ನನ್ನ ಎಡಗೈ ಹಿಡಿಕೆಯ ಮೇಲೆ ಸುಮ್ಮನೆ ಮಲಗಿತ್ತು. ಅಪ್ಪ ಇಪ್ಪತ್ತು ವರ್ಷ ಇದೇ ಗಾಡಿ ಓಡಿಸಿದವರು. ಅವರ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲಿರುತ್ತಿದ್ದುದು ಚಿಕ್ಕಂದಿನಲ್ಲಿ ಟ್ಯಾಂಕಿನ ಮೇಲೆ ಕೂತು ನೋಡಿದ್ದು ನೆನಪಿದೆ.

ವಾರದ ನಂತರ ಚಾಚಾ ಎಂಜಿನ್ ಬಿಚ್ಚಿದರು. ಹೆಡ್ ತೆಗೆದು, ಸಿಲಿಂಡರನ್ನು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಎತ್ತಿದರು. ಪಿಸ್ಟನ್‌ನ ನೆತ್ತಿ ಬೂದಿ ಬಣ್ಣ. ಸೈಲೆನ್ಸರ್ ಕಡೆಯ ಮೈಯಲ್ಲಿ ಹೆಬ್ಬೆರಳಗಲದ ಗೀರು, ಅಲ್ಯುಮಿನಿಯಂ ಕರಗಿ ಬಳಿದ ಹಾಗೆ ಬೋರ್‌ಗೆ ಮೆತ್ತಿಕೊಂಡಿತ್ತು. ಕೆಳಗಿನ ರಿಂಗ್ ತನ್ನ ತೋಡಿನಲ್ಲೇ ಅಂಟಿ ಹೋಗಿತ್ತು. ಆಮೇಲೆ ಬಲಗಡೆಯ ಕವರ್ ಬಿಚ್ಚಿ ಡೈನಮೋ ಹೊರತೆಗೆದು ಟಾರ್ಚ್ ಹಾಕಿ, “ಇಲ್ಲಿ ನೋಡು” ಎಂದರು. ಸೀಲಿನ ಸುತ್ತ ಕಪ್ಪು ಜಿಡ್ಡು ಬೀಸಣಿಗೆಯ ಆಕಾರದಲ್ಲಿ ಹರಡಿತ್ತು. ಒಣಗಿರಬೇಕಾದ ಜಾಗ ಒದ್ದೆ. ಸೀಲಿನ ತುಟಿಯನ್ನು ಉಗುರಿನಿಂದ ಒತ್ತಿದರೆ ರಬ್ಬರ್ ಪ್ಲಾಸ್ಟಿಕ್ಕಿನ ಹಾಗೆ ಟಕ್ ಎಂದಿತು. ವರ್ಷಗಟ್ಟಲೆ ನಿಂತ ಗಾಡಿಯ ಸೀಲ್ ಗಟ್ಟಿಯಾಗದೆ ಇನ್ನೇನಾಗಬೇಕು.

“ಬಿಸಿಲು ಭಾಳ ಇತ್ತು ಚಾಚಾ” ಎಂದೆ. ಇನ್ನೂ ಅದನ್ನೇ ಹಿಡಿದುಕೊಂಡಿದ್ದೆ.

“ಬಿಸಿಲು ಏನೂ ಮಾಡಂಗಿಲ್ಲಪಾ. ಸಂಕ್ರಾಂತಿ ಥಂಡ್ಯಾಗ ಜಾಮ್ ಆದ ಗಾಡಿ ಎಷ್ಟ ಬಿಚ್ಚೀನಿ. ಮಾಸ್ತರ್ರು ಮೇ ತಿಂಗಳದಾಗ ರಾಯಚೂರಿಗೆ ಹೋಗಿಲ್ಲೇನು?”

ಆ ರಾತ್ರಿ ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಹೆಡ್ 180 ಡಿಗ್ರಿ ಇದ್ದಾಗ ಹೊರಗಿನ ಗಾಳಿ 30 ಇದ್ದರೆ ಅಂತರ 150. ಗಾಳಿ 42 ಆದರೆ ಅಂತರ 138. ತಣಿಯುವ ಶಕ್ತಿ ಶೇ 8ರಷ್ಟು ಕಡಿಮೆ, ಅಷ್ಟೇ. ಅಷ್ಟನ್ನು ತಡೆಯುವ ಹಾಗೆಯೇ ಆ ಫಿನ್‌ಗಳನ್ನು ಮಾಡಿರುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಬಿಸಿ ಗಾಳಿ ತೆಳ್ಳಗಿರುತ್ತದೆ. ಕಾರ್ಬುರೇಟರ್ ಅದೇ ಜೆಟ್‌ನಲ್ಲಿ ಬೇಸಿಗೆಯಲ್ಲಿ ಗಾಳಿಗೆ ಹೋಲಿಸಿದರೆ ತುಸು ಹೆಚ್ಚೇ ಪೆಟ್ರೋಲ್ ಕೊಡುತ್ತದೆ. ಪೆಟ್ರೋಲ್ ಸಾಲದೆ ಒದ್ದಾಡುತ್ತಿದ್ದ ನನ್ನ ಎಂಜಿನ್‌ಗೆ ಕೊಪ್ಪಳ ಸೀಮೆಯ ಬಿಸಿಲು ಆ ಒಂದು ಲೆಕ್ಕದಲ್ಲಿ ಸಹಾಯವನ್ನೇ ಮಾಡುತ್ತಿತ್ತು.

ಇನ್ನೊಂದು ಲೆಕ್ಕವನ್ನು ಪ್ರತಿ ವರ್ಷ ಬೋರ್ಡ್ ಮೇಲೆ ಮಾಡಿಸುತ್ತೇನೆ. ಅಲ್ಯುಮಿನಿಯಂ ಬೀಡು ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. 65 ಮಿ.ಮೀ. ಅಗಲದ ಪಿಸ್ಟನ್ 100 ಡಿಗ್ರಿ ಹೆಚ್ಚು ಕಾದರೆ 0.15 ಮಿ.ಮೀ. ಹಿಗ್ಗುತ್ತದೆ. ಅದರ ಸುತ್ತಲಿನ ಬೀಡಿನ ಸಿಲಿಂಡರ್ ಅಷ್ಟೇ ಕಾದರೆ 0.07. ಎರಡರ ನಡುವೆ ಇರುವ ಜಾಗವೇ ಒಂದು ಕೂದಲೆಳೆಯ ದಪ್ಪದ್ದು. ಪಿಸ್ಟನ್‌ನ ಮೇಲ್ಭಾಗವನ್ನು ತುಸು ಸಣ್ಣ ಮಾಡಿ ಇದಕ್ಕೆ ಎಡೆ ಬಿಟ್ಟಿರುತ್ತಾರೆ, ಆದರೂ ಆ ಎಡೆಗೆ ಮಿತಿ ಇದೆ. ಸಂಕ್ರಾಂತಿ ಚಳಿಯಲ್ಲಿ ಜಾಮ್ ಆಗುವುದೂ ಇದಕ್ಕೇ. ತಣ್ಣನೆಯ ಸಿಲಿಂಡರ್ ಹಿಗ್ಗುವ ಮೊದಲೇ ಪಿಸ್ಟನ್ ಹಿಗ್ಗಿಬಿಡುತ್ತದೆ. ಚಾಚಾ ಹೇಳಿದ್ದು ಇದನ್ನೇ. ನಾನು ಬೋರ್ಡ್ ಮೇಲೆ ಬರೆದದ್ದೂ ಇದನ್ನೇ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಓವರ್‌ಸೈಜ್ ಪಿಸ್ಟನ್ ತರಿಸಿ, ಕೊಪ್ಪಳದ ಲೇತಿನಲ್ಲಿ ಬೋರ್ ಹೊಡೆಸಿ, ಎರಡೂ ಕಡೆ ಹೊಸ ಸೀಲ್ ಹಾಕಿಸಿದೆವು. ಜೆಟ್ ಮೊದಲಿಗಿಂತ ಒಂದು ನಂಬರ್ ದೊಡ್ಡದು, ಆಯಿಲ್ ಮತ್ತೆ 40. ಜುಲೈ ಎರಡನೇ ಭಾನುವಾರ ಬಂದು ಹೋಯಿತು. ಮೈಸೂರಿಗೆ ಹೋಗಲಿಲ್ಲ. ಅಪ್ಪನ ಕೈಯಿಂದ ಸಿಮೆಂಟ್ ಪಟ್ಟಿ ಜೂನ್‌ನಲ್ಲೇ ತೆಗೆದಿದ್ದರು, ಆದರೆ ಮುಷ್ಟಿ ಪೂರ್ತಿ ಬಿಗಿಯಾಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಎಡಗೈಯಲ್ಲಿ ನೀರಿನ ತಂಬಿಗೆ ಎತ್ತಲು ಹೋಗಿ, ಇಳಿಸಿ, ಮತ್ತೆ ಬಲಗೈ ತೊಳೆದುಕೊಂಡು ಎತ್ತುತ್ತಿದ್ದರು. ಬಿದ್ದ ದಿನದಿಂದ ಇವತ್ತಿನವರೆಗೆ ನನಗೆ ಒಂದು ಮಾತೂ ಅಂದಿಲ್ಲ. ನಾನೇ ಒಂದು ಸಂಜೆ, ಚಾಚಾ ಫೆಬ್ರವರಿಯಲ್ಲೇ ಹೇಳಿದ್ದರು, ನಾನು ಕೇಳಲಿಲ್ಲ, ಎಂದು ಎಲ್ಲವನ್ನೂ ಹೇಳಿದೆ. ಜೆಟ್, ಆಯಿಲ್, ಸೀಲ್, ಪ್ಲಗ್ ಎಲ್ಲ. ಪೂರ್ತಿ ಕೇಳಿಸಿಕೊಂಡು, “ಸೀಲ್ ಈಗ ಹೊಸಾದು ಹಾಕ್ಯಾರಲ್ಲ?” ಎಂದರು. ಹಾಕಿದ್ದಾರೆ ಅಂದೆ.

ಈಗ ಭಾನುವಾರ ಬೆಳಿಗ್ಗೆ ಕುಷ್ಟಗಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ ಬರುತ್ತೇನೆ. ಹೊಸ ಪಿಸ್ಟನ್ ಹೊಂದಿಕೊಳ್ಳುವವರೆಗೆ ಜೋರು ಓಡಿಸುವ ಹಾಗಿಲ್ಲ. ಮೀಟರ್ ತಂತಿ ಬಿಚ್ಚಿಲ್ಲ, ನೋಡುತ್ತೇನೆ, ನೋಡಿಯೂ ನಿಲ್ಲಿಸುತ್ತೇನೆ. ಮನೆ ಮುಂದೆ ಬಂದಾಗ ಅಪ್ಪ ಗೇಟಿನ ಹತ್ತಿರ ನಿಂತಿರುತ್ತಾರೆ. ಒಮ್ಮೆ ರೇಸ್ ಕೊಟ್ಟು ಬಿಡು ಎಂದು ಕೈಸನ್ನೆ ಮಾಡುತ್ತಾರೆ. ಬಿಡುತ್ತೇನೆ. ಸದ್ದು ಥಟ್ಟನೆ ಇಳಿಯುತ್ತದೆ. ಅವರು ಒಳಗಿಂದ ತಂದ ತಂಬಿಗೆಯಲ್ಲಿ ಬೆರಳದ್ದಿ ಪ್ಲಗ್‌ನ ಬುಡಕ್ಕೆ ಹನಿ ಬಿಡುತ್ತಾರೆ. ಇಬ್ಬರೂ ಬಗ್ಗಿ ನೋಡುತ್ತೇವೆ.

ಹಿಂದಿನ ಸೀಟಿನ ಮೇಲೆ ಅವರು ಇನ್ನೂ ಕೂತಿಲ್ಲ. ನಾನೂ ಕರೆದಿಲ್ಲ.